ಸಿಮೆಂಟು ಬಳಿದ ಓಣಿ

ನಮ್ಮ ಮನೆಯಲ್ಲಿ ಟೇಪು ಹಿಡಿದು ಬಂದವರಿಗೆ ನೀರು ಕೊಡುವ ಪದ್ಧತಿ ಇಲ್ಲ. ಕೊಡುವುದಿದ್ದರೂ ಯಾವ ಆಫೀಸು, ಯಾರು ಕಳಿಸಿದ್ದು, ಅಳೆದು ಏನು ಮಾಡುತ್ತೀರಿ ಎಂದು ಕೇಳಿಯೇ ಕೊಡುವುದು. ನನ್ನ ಆಯಿ, ಅಂದರೆ ತಂದೆಯ ತಾಯಿ, ಹಳೆ ಬಾಗಲಕೋಟೆಯಲ್ಲಿ ಅಣೆಕಟ್ಟಿನ ಹಿನ್ನೀರಿಗೆ ಹೋದ ಓಣಿಯವಳು. ಆ ಮನೆಗೆ ಮೊದಲು ಬಂದದ್ದು ಟೇಪು, ನೀರು ಬಂದದ್ದು ಆಮೇಲೆ ಎಂದು ಈಗಲೂ ಹೇಳುತ್ತಾಳೆ. ನಾನು ಹುಟ್ಟಿದ್ದು ಮುಳುಗಡೆಯವರಿಗಾಗಿ ಕಟ್ಟಿದ ನವನಗರದಲ್ಲಿ, ಸೆಕ್ಟರ್ ನಂಬರು ಹೇಳಿದರಷ್ಟೇ ಸಿಗುವ ಮನೆಯಲ್ಲಿ. ಮುಳುಗಡೆ ನಾನು ನೋಡಿದವಳಲ್ಲ. ಆದರೆ ಅದರ ಸಂಶಯವನ್ನು ಊಟದ ಜೊತೆಗೇ ಉಂಡು ಬೆಳೆದಿದ್ದೇನೆ. ತರಕಾರಿಯವನು ತಕ್ಕಡಿ ಎತ್ತಿದರೆ ಬಗ್ಗಿ ಅದರ ತಳ ನೋಡುವವಳು ನಾನು. ಹುನಗುಂದದ ನನ್ನ ಸೋದರಮಾವ ಇದಕ್ಕಾಗಿ ನನ್ನನ್ನು ಪೊಲೀಸ್ ಫೌಜುದಾರ ಎಂದೇ ಕರೆಯುತ್ತಾನೆ.

ಅಂಥ ನಾನು ಆರ್ಕಿಟೆಕ್ಚರ್ ಓದಲು ಹೋಗಿ, ಒಂದು ಬೇಸಿಗೆ ರಜೆಯಲ್ಲಿ, ಟೇಪು ಹಿಡಿದು ಇನ್ನೊಬ್ಬರ ಮನೆಯೊಳಗೆ ಕಾಲಿಡುವ ಇಂಟರ್ನ್‌ಶಿಪ್ಪಿಗೆ ಸೇರಿಕೊಂಡೆ. ಊರು ಬಾದಾಮಿ. ಸುದ್ದಿ ಕೇಳಿ ಆಯಿ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಬಾದಾಮಿ ಎಂದರೆ ಪಕ್ಕದ ಬಾಗಲಕೋಟೆಯವರಾದ ನಮಗೂ ಸರಿಯಾಗಿ ಗೊತ್ತಿಲ್ಲ. ಶಾಲೆಯ ಟ್ರಿಪ್ಪಿಗೆ ಹೋಗಿಬಂದ ಊರು. ಗುಹೆ, ಮಂಗ, ಕೆರೆ, ಫೋಟೋ, ಬನಶಂಕರಿಯಲ್ಲಿ ರೊಟ್ಟಿ ಊಟ, ಸಂಜೆಗೆ ವಾಪಸು. ದೂರದಿಂದ ಬಂದವರಂತೂ ಟಂಟಂ ಆಟೋ ಇಳಿದು, ಗುಡ್ಡ ಹತ್ತಿ ಇಳಿದು, ಊರು ಗಲೀಜು, ಜನ ಒರಟು, ಏನು ಕೇಳಿದರೂ ಉತ್ತರ ಕೊಡುವುದಿಲ್ಲ ಎಂದು ಇಂಟರ್ನೆಟ್ಟಿನಲ್ಲಿ ಬರೆದು ಹೋಗುತ್ತಾರೆ. ಬಸ್‌ಸ್ಟ್ಯಾಂಡಿಗೂ ಗುಡ್ಡಕ್ಕೂ ನಡುವೆ ಒಂದು ಊರಿದೆ, ಅಲ್ಲಿ ಮಂದಿ ಸಂಸಾರ ಮಾಡುತ್ತಾರೆ ಎಂಬುದು ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ಉತ್ತರ ಕೊಡುವುದಿಲ್ಲ ಎಂಬುದೊಂದು ಮಾತ್ರ ನಿಜ. ಯಾಕೆ ಕೊಡುವುದಿಲ್ಲ ಎಂದು ತಿಳಿಯಲು ನನಗೆ ಆ ಬೇಸಿಗೆಯೇ ಬೇಕಾಯಿತು.

ಊರನ್ನು ಸುಧಾರಿಸುವ ಯೋಜನೆಯೊಂದು ಬಂದಿತ್ತು. ದೊಡ್ಡ ರಸ್ತೆಯಿಂದ ಕೆರೆಯವರೆಗೆ ಹಳೆ ಓಣಿಗಳ ನಡುವೆ ಹಾಸುಗಲ್ಲಿನ ಅಗಲ ದಾರಿ ಮಾಡುವುದು, ಗಟಾರ ಮುಚ್ಚುವುದು, ಕರೆಂಟಿನ ತಂತಿ ನೆಲದೊಳಗೆ ಹಾಕುವುದು. ಅದಕ್ಕೆ ಮೊದಲು ಓಣಿಯ ಒಂದೊಂದು ಮನೆಯೂ ಹಳೆಯದೋ ಹೊಸದೋ, ಗೋಡೆ ಯಾವುದರದು, ಮಾಳಿಗೆ ಯಾವುದರದು ಎಂದು ನೋಡಿ ಮೊಬೈಲಿನಲ್ಲಿ ತುಂಬಬೇಕು. ಅದು ನನ್ನ ಕೆಲಸ. ಕಚೇರಿ ಒಂದು ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು; ಎಷ್ಟು ಊದಿನಕಡ್ಡಿ ಹಚ್ಚಿದರೂ ಯೂರಿಯಾದ ವಾಸನೆಯೇ ಮೇಲೆ. ಅಲ್ಲಿಯ ಹಿರಿಯ ಎಂಜಿನಿಯರ್ ದಕ್ಷಿಣದ ಕಡೆಯವರು. ಕೆಟ್ಟ ಮನುಷ್ಯರಲ್ಲ. ಆದರೆ ಮಾತಾಡುವಾಗ ಕಣ್ಣು ಯಾವಾಗಲೂ ಲ್ಯಾಪ್‌ಟಾಪಿನಲ್ಲಿ, ಅದು ನನಗೆ ಹಿಡಿಸಲಿಲ್ಲ.

ಮೊದಲ ದಿನವೇ ಅವರು ನನಗೆ ಯೋಜನೆಯ ತಿರುಳು ಹೇಳಿದರು. "ಕಲ್ಲು, ಮಣ್ಣು, ಮರದ ಹಳೇ ಮನೆಗಳನ್ನ ಹಾಗೇ ಉಳಿಸ್ತೀವಿ, ದುರಸ್ತೀನೂ ಮಾಡಿಸಿಕೊಡ್ತೀವಿ. ದಾರಿಗೆ ಅಡ್ಡ ಬರೋ ಸಿಮೆಂಟು ಮನೆಗಳನ್ನ ತೆಗೀತೀವಿ. ಆದ್ರೆ ಇದನ್ನ ಓಣೀಲಿ ಬಾಯಿಬಿಡ್ಬೇಡ."

"ಯಾಕೆ ಸರ್? ಅವರಿಗೆ ಒಳ್ಳೇದೇ ಅಲ್ವಾ?"

"ಹೇಳಿದ್ರೆ ನಾಳೆ ಬೆಳಿಗ್ಗೆ ಇಡೀ ಓಣಿ ಹಳೇದಾಗಿರುತ್ತೆ" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಜನರಿಗೆ ಒಳ್ಳೆಯದಾಗುವ ನಿಯಮವನ್ನು ಆ ಜನರಿಂದಲೇ ಮುಚ್ಚಿಡುವುದೇಕೆ? ನಮ್ಮ ಮನೆಯ ರಕ್ತ ನನ್ನಲ್ಲಿ ಆಗಲೇ ಕೆಲಸ ಶುರು ಮಾಡಿತ್ತು.

ಉಳಿಯಲು ಖೋಲಿ ಸಿಕ್ಕಿದ್ದು ಅದೇ ಓಣಿಯಲ್ಲಿ. ಓಣಿಯ ನಡುವೆ ಒಂದು ಕಡೆ ಎತ್ತಿನ ಬಂಡಿಯೂ ಹಾಯದಷ್ಟು ಇಕ್ಕಟ್ಟಿತ್ತು. ಆ ಇಕ್ಕಟ್ಟಿನ ಎಡಕ್ಕೆ ನಾನಿದ್ದ ಮನೆ, ಬಲಕ್ಕೆ, ಎದುರಾ ಎದುರು, ಒಬ್ಬ ಗೌಂಡಿಯ ಮನೆ. ನಮ್ಮ ಕಡೆ ಗೌಂಡಿ ಎಂದರೆ ಗಾರೆ ಕೆಲಸದವನು. ಎರಡೂ ಮನೆಗಳ ಮುಖ ಸಿಮೆಂಟಿನದು. ಎಡದ್ದಕ್ಕೆ ಹಸಿರು ಬಣ್ಣ, ಬಲದ್ದಕ್ಕೆ ಬಣ್ಣವೇ ಇಲ್ಲ. ನನ್ನ ಮನೆಯೊಡತಿ ಅರವತ್ತು ದಾಟಿದ ಹೆಂಗಸು, ಗಂಡ ತೀರಿಹೋಗಿದ್ದ. ಹಣೆ ತುಂಬ ವಿಭೂತಿ, ಮೈಮೇಲೆ ಇಳಕಲ್ ಸೀರೆ, ಬಾಯಲ್ಲಿ ಸದಾ ಒಂದು ಪ್ರಶ್ನೆ. ಮುಂಜಾನೆ ರೊಟ್ಟಿ ಬಡಿದು, ಪಲ್ಯ, ಕೆಂಪು ಚಟ್ನಿ, ಮೊಸರು ಎಲ್ಲವನ್ನೂ ಬುಟ್ಟಿಗೆ ತುಂಬಿ ಬನಶಂಕರಿ ಗುಡಿಯ ಮುಂದೆ ಊಟ ಮಾರಲು ಹೋಗುತ್ತಿದ್ದಳು. ನಾನು ಅವಳನ್ನು ದೊಡ್ಡವ್ವ ಎಂದು ಕರೆಯತೊಡಗಿದೆ. ಅವಳು ನನ್ನನ್ನು 'ಆಫೀಸಿನಾಕಿ' ಎಂದು.

ಎದುರಿನ ಗೌಂಡಿ ಕಾಕಾ ಮುಸ್ಲಿಮರವನು, ಅವಳ ಗಂಡನ ಜೀವದ ಗೆಳೆಯ. ಅತ್ತಿಗೆ ಎಂಬ ಅರ್ಥದಲ್ಲಿ ಅವಳಿಗೆ ವೈನಿ ಎನ್ನುತ್ತಿದ್ದ. ಇಬ್ಬರೂ ಸಂಜೆ ತಮ್ಮ ತಮ್ಮ ಕಟ್ಟೆಯ ಮೇಲೆ ಕೂತು, ನಡುವೆ ಹಾದುಹೋಗುವವರ ತಲೆಯ ಮೇಲಿಂದಲೇ ಜಗಳಾಡುತ್ತಿದ್ದರು.

ಸಮೀಕ್ಷೆ ಶುರುವಾದ ಮೊದಲ ವಾರದಲ್ಲೇ ನನಗೆ ಮೂಗಿಗೆ ಏನೋ ಬಡಿಯಿತು. ಯಾವ ಮನೆಗೆ ಹೋದರೂ ಪಡಸಾಲೆಯಲ್ಲಿ ಹಳೆ ಬಟ್ಟೆ ಕೂಡಿಸಿ ಹೊಲಿದ ಕೌದಿ ಒಣಗಹಾಕಿರುತ್ತಿದ್ದರು. ಹೊರಗೆ ಮೇ ತಿಂಗಳ ಬಿಸಿಲು ಕೆಂಪು ಗುಡ್ಡಕ್ಕೆ ಬಡಿದು ವಾಪಸು ಬರುತ್ತಿದೆ, ಹಾಸಿದ ಬಟ್ಟೆ ಚಣದಲ್ಲಿ ಒಣಗುತ್ತದೆ. ಇವರು ಕತ್ತಲೆ ಪಡಸಾಲೆಯ ಕಂಬಕ್ಕೆ ಕೌದಿ ಸುತ್ತಿ ಒಣಗಿಸುತ್ತಾರೆ. ಇನ್ನೊಂದು ಮನೆಯಲ್ಲಿ ಜೋಳದ ಚೀಲಗಳು ಗೋಡೆಯ ಒಂದೇ ಭಾಗಕ್ಕೆ ಆತುಕೊಂಡು ನಿಂತಿದ್ದವು, ಉಳಿದ ಗೋಡೆ ಖಾಲಿ. ಮತ್ತೊಂದರಲ್ಲಿ ಹೊಸ್ತಿಲ ಮುಂದಿನ ಕಲ್ಲನ್ನು ಬೋರಲು ಹಾಕಿದ ಗುರುತು ಇನ್ನೂ ಹಸಿಯಾಗಿತ್ತು, ಸುತ್ತಲಿನ ಮಣ್ಣು ಒಣಗಿರಲಿಲ್ಲ.

"ಕೌದಿ ಯಾಕೆ ಒಳಗೆ ಹಾಕಿದ್ದೀರಿ?" ಎಂದು ಒಬ್ಬ ಸೊಸೆಯನ್ನು ಕೇಳಿದೆ.

"ಬಿಸಲಿಗೆ ಬಣ್ಣ ಹೋಕ್ಕೈತ್ರಿ" ಎಂದಳು. ಆ ಕೌದಿಗೆ ಹೋಗಲು ಬಣ್ಣವೇ ಉಳಿದಿರಲಿಲ್ಲ.

"ಮನೆ ಯಾವ ಕಾಲದ್ದು?"

"ಮೊನ್ನಿ ಮೊನ್ನಿ ಕಟ್ಟಿಸಿದ್ದರಿ."

ಇಡೀ ಓಣಿ ಮೊನ್ನೆ ಮೊನ್ನೆ ಕಟ್ಟಿಸಿದ್ದು. ಬಾದಾಮಿಯಂಥ ಬಾದಾಮಿಯಲ್ಲಿ ಒಂದೂ ಹಳೆ ಮನೆ ಇಲ್ಲ! ನಾನು ಮೊಬೈಲಿನಲ್ಲಿ ಹೊಸದು, ಹೊಸದು ಎಂದು ಒತ್ತುತ್ತಾ ಹೋದೆ, ಒಳಗೊಳಗೇ ಹಲ್ಲು ಕಡಿಯುತ್ತಾ. ನನಗೆ ಸುಳ್ಳು ಹೇಳಿದರೆ ಸಿಟ್ಟು ಬರುವುದಿಲ್ಲ, ನಾನು ನಂಬುತ್ತೇನೆಂದು ತಿಳಿದು ಹೇಳಿದರೆ ಬರುತ್ತದೆ.

ನನ್ನ ಕಣ್ಣು ದೊಡ್ಡವ್ವನ ಮನೆಯ ಮೇಲೂ ಬಿತ್ತು. ಕಿಟಕಿಯಲ್ಲಿ ಕೂತರೆ ಬೆನ್ನೂ ಕಾಲೂ ಎರಡೂ ಗೋಡೆಯ ದಪ್ಪದಲ್ಲೇ ಹಿಡಿಸುತ್ತಿದ್ದವು. ಸಿಮೆಂಟು ಇಟ್ಟಿಗೆಯ ಗೋಡೆ ಇಷ್ಟು ದಪ್ಪ ಯಾರು ಕಟ್ಟುತ್ತಾರೆ? ಒಂದು ಮಧ್ಯಾಹ್ನ, ಅವಳು ಬುಟ್ಟಿ ಹೊತ್ತು ಬನಶಂಕರಿಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ಟೇಪು ತೆಗೆದೆ. ಗೋಡೆಗೆ ಹಿಡಿದು ಓದುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಎಷ್ಟ್ ಬಂತು ಬೇ?"

ದೊಡ್ಡವ್ವ ಬಾಗಿಲಲ್ಲಿ ನಿಂತಿದ್ದಳು. ಬುಟ್ಟಿ ತಲೆಯ ಮೇಲೇ ಇತ್ತು. ಅವಳು ಬನಶಂಕರಿಗೆ ಹೋಗಿಯೇ ಇರಲಿಲ್ಲ. ನಾನು ಏನು ಮಾಡುತ್ತೇನೆಂದು ನೋಡಲು ಓಣಿಯ ಮೂಲೆಯವರೆಗೆ ಹೋಗಿ ತಿರುಗಿ ಬಂದಿದ್ದಳು. ಕಳ್ಳಿಯ ಹಾಗೆ ಸಿಕ್ಕಿಬಿದ್ದೆ. ನಾಚಿಕೆಗಿಂತ ಹೆಚ್ಚು ನನಗಾದದ್ದು ಮೆಚ್ಚುಗೆ. ಇಷ್ಟು ಸಂಶಯದವಳು ನಮ್ಮ ಮನೆಯ ಹೊರಗೂ ಇದ್ದಾಳಲ್ಲ.

"ನಿನಗ ಖೋಲಿ ಯಾಕ ಕೊಟ್ಟೇನಿ ಗೊತ್ತೈತೇನು?" ಎಂದಳು, ಬುಟ್ಟಿ ಇಳಿಸುತ್ತ. "ಬಾಡಿಗಿ ಆಸೆಕ್ಕಲ್ಲ. ಆಫೀಸಿನಾವ್ರ ಏನ್ ಮಸಲತ್ತು ಮಾಡ್ತಾರ, ನನ್ನ ಕಣ್ಣಮುಂದ ಇರ್ಲಿ ಅಂತ."

"ನಾನೂ ನಿನ್ನ ಮೇಲೆ ಕಣ್ಣಿಟ್ಟೇ ಇದ್ದೆ ದೊಡ್ಡವ್ವ. ಇದು ಸಿಮೆಂಟಿನ ಮನೆ ಅಲ್ಲ."

ಅವಳು ಪಡಸಾಲೆಯ ಕಂಬದ ಕೌದಿ ಎಳೆದು ಹಾಕಿದಳು. ಕರಿ ಸಾಗವಾನಿ ಕಂಬ, ಮೇಲೆ ಗಿಳಿ ಬಳ್ಳಿ ಕೆತ್ತಿದ ಬೋದಿಗೆ. ಎಣ್ಣೆ ತಿಂದು ತಿಂದು ಮಿರುಗುತ್ತಿತ್ತು. ಮುಂದಿನ ಗೋಡೆಯನ್ನು ತೋರಿಸಿ ಹೇಳಿದಳು: "ಅದರ ಒಳಗ ಕಲ್ಲೈತಿ. ನಮ್ಮ ಮನ್ಯಾವರು ಇದ್ದಾಗ ಸಿಮೆಂಟ್ ಹಚ್ಚಿಸಿದ್ದು. ಹಚ್ಚಿದಾವ ಎದರಿನ ಗೌಂಡಿ. ಓಣಿ ತುಂಬ ಅಂವನಽ ಹಚ್ಚ್ಯಾನ."

ಯಾಕೆ ಎಂದು ಕೇಳಿದೆ. ಅವಳ ತವರು ಐಹೊಳೆ. ಗುಡಿಯ ಮಗ್ಗುಲಿಗೇ ಮನೆ. ಅವಳು ಸಣ್ಣವಳಿದ್ದಾಗ ಯಾರೋ ಬಂದು ಮನೆಯ ಗೋಡೆಯ ಕಲ್ಲು ನೋಡಿ ಇದು ಭಾಳ ಹಳೆಯದು ಎಂದು ಹೊಗಳಿ ಹೋದರಂತೆ. ಅವಳ ಅಪ್ಪ ಅವರಿಗೆ ಮಜ್ಜಿಗೆ ಕೊಟ್ಟು, ಕಂದೀಲು ಹಿಡಿದು ಇನ್ನಷ್ಟು ಕಲ್ಲು ತೋರಿಸಿದನಂತೆ. ಆಮೇಲೆ ಸರಕಾರದವರು ಬಂದು ಗೋಡೆಗೆ ಮೊಳೆ ಹೊಡೆಯಬೇಡಿ ಎಂದರು, ಮಾಳಿಗೆಗೆ ತಗಡು ಹಾಕಬೇಡಿ ಎಂದರು, ಕಡೆಗೆ ಮನೆಯನ್ನೇ ಬಿಡಿ ಎಂದರು. "ಹಳೀದು ಅಂತ ಗೊತ್ತಾದ್ರ ಮನಿ ನಮ್ಮದಾಗಿ ಉಳಿಯಂಗಿಲ್ಲ" ಎಂದಳು. "ಅದಕ್ಕ ಮುಚ್ಚತೇವಿ."

ಇವಳು ಉಳಿಯಲೆಂದು ಹಚ್ಚಿಸಿದ ಸಿಮೆಂಟೇ ಈ ಸಲ ಇವಳ ಮನೆ ಕೆಡವುವುದಿತ್ತು. ಇಕ್ಕಟ್ಟಿನಲ್ಲಿ ದಾರಿ ಅಗಲ ಮಾಡಲು ಒಂದು ಬದಿಯ ಮನೆ ತೆಗೆಯಲೇಬೇಕು. ಎಂಜಿನಿಯರ್ ಗೆರೆ ಎಳೆದದ್ದು ಎಡಬದಿಗೆ, ದೊಡ್ಡವ್ವನ ಪಡಸಾಲೆಯ ಮೇಲೆ. ಎರಡೂ ಸಿಮೆಂಟು, ಎಡದ್ದು ತೆಗೆದರೆ ತಿರುವು ನೇರವಾಗುತ್ತದೆ ಎಂಬುದಷ್ಟೇ ಅವರ ಲೆಕ್ಕ. ಬಾಯಿಬಿಡಬೇಡ ಎಂದದ್ದು ನೆನಪಿತ್ತು. ಬಾಯಿಬಿಟ್ಟೆ.

ದೊಡ್ಡವ್ವ ಪೂರ್ತಿ ಕೇಳಿದಳು. ಆಮೇಲೆ ನಕ್ಕಳು. "ಇದು ಹೊಸಾ ಯುಕ್ತಿ. ಮೊದಲಿನಾವ್ರು ತಾವಽ ಹುಡಕತಿದ್ರು. ನೀವು ನಮ್ಮ ಕೈಲೆ ನಾವಽ ತಗದು ತೋರ್ಸುವಂಗ ಮಾಡಾಕ ಬಂದೀರಿ."

ಸಂಜೆಯೊಳಗೆ ಮಾತು ಓಣಿ ತುಂಬಿತು. ಕಟ್ಟೆಯ ಮೇಲೆ ಕೂತ ಗಂಡಸರು ನನ್ನನ್ನು ನಿಲ್ಲಿಸಿ ಕೇಳಿದರು. ಖರೆ ಇದ್ದರೆ ನಿಮ್ಮ ಸಾಹೇಬರು ಬಂದು ಹೇಳಲಿ ಎಂದರು. ನ್ಯಾಯವಾದ ಮಾತು. ನಾನು ಕಚೇರಿಗೆ ಹೋಗಿ, ನಿಯಮ ಹೇಳಿಬಿಟ್ಟಿದ್ದೇನೆ, ಈಗ ನೀವು ಬಂದು ಹೌದೆನ್ನಿ ಎಂದು ಎಂಜಿನಿಯರರಿಗೆ ಹೇಳಿದೆ. ಅವರು ಬೈಯಲಿಲ್ಲ. ಲ್ಯಾಪ್‌ಟಾಪು ಮುಚ್ಚಿ ಹಣೆ ಒತ್ತಿಕೊಂಡರು.

"ನಾನು ಹೇಗೆ ಹೇಳ್ಲಿ? ಇದಿನ್ನೂ ಕರಡು. ಮೇಲಿನವರು ಒಪ್ಪಬೇಕು. ನಾಳೆ ಬದಲಾದ್ರೆ ಅವರು ನನ್ನ ಕಾಲರ್ ಹಿಡೀತಾರೆ."

ಅಂದರೆ ನಾನು ಹೇಳಿದ್ದು ನಿಜವೂ ಆಗಿರಬಹುದು, ಸುಳ್ಳೂ ಆಗಬಹುದು. ಆ ಕ್ಷಣದಿಂದ ನನಗೇ ನನ್ನ ಮಾತಿನ ಮೇಲೆ ಭರವಸೆ ಹೋಯಿತು. ಎಂಜಿನಿಯರ್ ಬರುವುದಿಲ್ಲ ಎಂದು ಓಣಿಯವರಿಗೆ ತಿಳಿಸಿದಾಗ ಒಬ್ಬಾತ, ನನಗೆ ಕೇಳಲಿ ಎಂದೇ, ಪಕ್ಕದವನಿಗೆ ಹೇಳಿದ: "ಬಾಗಲಕೋಟಿಯಾಕಿ. ತಮ್ಮ ಊರು ಉಳಿಸ್ಕೊಳ್ಳಾಕ ಆಗ್ಲಿಲ್ಲ, ನಮ್ಮದು ಉಳಿಸಾಕ ಬಂದಾಳ." ಆ ಮಾತು ನನಗೆ ಬಹಳ ನೋವು ಮಾಡಿತು. ಮುಳುಗಿದ್ದು ನಮ್ಮ ಸೋಮಾರಿತನದಿಂದ ಎಂಬಂತೆ ನಮ್ಮ ಊರಿನ ಬಗ್ಗೆ ಸುತ್ತಲಿನವರು ಆಡುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ಇನ್ನೂ ರೂಢಿಯಾಗಿಲ್ಲ.

ಆಮೇಲಿನ ದಿನಗಳು ಕಷ್ಟದವು. ನಾನು ಓಣಿಗೆ ಕಾಲಿಟ್ಟರೆ ಒಳಗೆ ಕೌದಿ ಹರಡುವ ಸದ್ದು ಕೇಳುತ್ತಿತ್ತು. ದೊಡ್ಡವ್ವ ತಾಟು ಇಟ್ಟು, ರೊಟ್ಟಿ ಹಾಕಿ, ಎದುರು ಕೂರದೆ ಒಳಗೆ ಹೋಗುತ್ತಿದ್ದಳು. ಮುಂಜಾನೆ ಕೆರೆಯಲ್ಲಿ ಹೆಂಗಸರು ಬಟ್ಟೆ ಒಗೆಯುವ ಸದ್ದು ಗುಡ್ಡಕ್ಕೆ ಹೋಗಿ ಮತ್ತೆ ತಿರುಗಿ ಬರುತ್ತದೆ. ನಾನು ಮೆಟ್ಟಿಲಲ್ಲಿ ಕಾಣಿಸಿಕೊಂಡರೆ ಮೊದಲು ಕೈಗಳು ನಿಲ್ಲುತ್ತಿದ್ದವು, ಆಮೇಲೆ ಗುಡ್ಡದ ಸದ್ದೂ ನಿಲ್ಲುತ್ತಿತ್ತು. ಯಾವ ಜನ್ಮದ ಕರ್ಮಕ್ಕೆ ಇಲ್ಲಿ ಬಂದೆ ಎನಿಸಿತು. ಇಂಟರ್ನ್‌ಶಿಪ್ ಬಿಟ್ಟು ಹೋಗೋಣವೆಂದರೆ, ಹೋದರೆ ದೊಡ್ಡವ್ವನ ಮನೆ ಹೋದಂತೆಯೇ. ಮುಂದಿನ ವಾರ ಎಂಜಿನಿಯರ್ ಓಣಿಯಲ್ಲಿ ಕೊನೆಯ ಸುತ್ತು ಹಾಕಿ ಗೆರೆ ಗಟ್ಟಿ ಮಾಡುವವರಿದ್ದರು.

ಒಂದು ಸಂಜೆ ದೊಡ್ಡವ್ವ ನನ್ನ ಮುಂದೆ ಬಂದು ಕೂತಳು. "ನೀ ಯಾರ ಪೈಕಿ ಅಂತ ನಾ ಇನ್ನಾ ಕೇಳೇ ಇಲ್ಲ. ಮನ್ಯಾಗ ದೊಡ್ಡಾವ್ರು ಯಾರದಾರ? ಫೋನ್ ಹಚ್ಚಿಕೊಡು."

ನಮ್ಮ ಕಡೆ ಇದೊಂದು ಕ್ರಮ. ಮನುಷ್ಯನ ಮಾತು ಗಟ್ಟಿಯೋ ಟೊಳ್ಳೋ ಎಂದು ತಿಳಿಯಬೇಕಾದರೆ ಆ ಮನುಷ್ಯನನ್ನು ಕೇಳುವುದಿಲ್ಲ, ಅವನ ಹಿರಿಯರನ್ನು ಕೇಳುತ್ತಾರೆ. ಹೆಣ್ಣು ಗಂಡು ನೋಡುವಾಗಲೂ ಅಷ್ಟೇ, ಎತ್ತು ಕೊಳ್ಳುವಾಗಲೂ ಅಷ್ಟೇ. ನಾನು ಆಯಿಗೆ ಫೋನು ಹಚ್ಚಿ ಕೊಟ್ಟೆ. ದೊಡ್ಡವ್ವ ಫೋನು ಹಿಡಿದು ಹಿತ್ತಲಿಗೆ ಹೋದಳು. ಮನೆಯ ಸುದ್ದಿಯೊಂದು ಬಿಟ್ಟು ಉಳಿದೆಲ್ಲ ಸುದ್ದಿ ನನಗೆ ಕೇಳಿತು. ಇಳಕಲ್ ಸೀರೆಯ ಸೆರಗು ಈಗ ಮೊದಲಿನಂತಿಲ್ಲ, ಮೊಳಕಾಲು ನೋವಿಗೆ ಯಾವ ಎಣ್ಣೆ, ಗುಳೇದಗುಡ್ಡದಲ್ಲಿ ಇಬ್ಬರಿಗೂ ಗೊತ್ತಿದ್ದ ಒಂದು ಮನೆತನದವರು ಈಗ ಎಲ್ಲಿದ್ದಾರೆ. ಆಮೇಲೆ ದನಿ ಸಣ್ಣದಾಯಿತು. ನಾನು ಕಿವಿಯೇ ಆಗಿ ಕೂತರೂ ಒಂದಕ್ಷರ ಸಿಗಲಿಲ್ಲ.

ವಾಪಸು ಬಂದು ಫೋನು ಕೊಟ್ಟಳು. "ನಿಮ್ಮ ಆಯಿ ಏನಂದ್ಲು ಗೊತ್ತೇನು? 'ನಮ್ಮ ಹುಡುಗಿ ಹುಟ್ಟಿದಾಗಿಂದ ಯಾರನ್ನೂ ನಂಬಿದಾಕಿ ಅಲ್ಲ. ಅಂಥಾಕಿ ಒಂದ್ ಮಾತು ನಂಬಿ ಹೇಳಾಕತ್ತಾಳ ಅಂದ್ರ ಅದರಾಗ ಏನರ ಇರಬೇಕು' ಅಂದ್ಲು."

ಅಲ್ಲೇ ಹೇಳಬೇಕಿತ್ತು, ನಾನೂ ನಂಬಿಲ್ಲ ದೊಡ್ಡವ್ವ, ಇದು ಕರಡು ಎಂದು. ಹೇಳಿದೆ ಕೂಡ. "ಬದಲಾಗಬಹುದು, ನನಗೇ ಪೂರ್ತಿ ಗೊತ್ತಿಲ್ಲ" ಎಂದೆ. ಅವಳು ಅದಕ್ಕೆ ತಲೆಯಾಡಿಸಿ, "ಅದೂ ಹೇಳಿದ್ಲು, ಹಿಂಗಂತಾಳ ಅಂತ" ಎಂದಳು. ಆಯಿ ಟೇಪು ಹಿಡಿದ ಒಬ್ಬರ ಪರವಾಗಿ ಮಾತಾಡಿದ್ದು ನನಗೆ ಗೊತ್ತಿದ್ದಂತೆ ಅದೇ ಮೊದಲು. ನನಗೆ ಹೆದರಿಕೆಯಾಯಿತು.

ಮರುದಿನ ಗೌಂಡಿ ಕಾಕಾ ಸುತ್ತಿಗೆ ಉಳಿ ಹಿಡಿದು ಬಂದ. ತಾನೇ ಹಚ್ಚಿದ ಸಿಮೆಂಟನ್ನು ತಾನೇ ಬೈಯುತ್ತಾ ಕೆತ್ತತೊಡಗಿದ. ಓಣಿಯವರು ಬಾಗಿಲ ಸಂದಿಯಿಂದ ನೋಡಿದರು, ಯಾರೂ ಹೊರಗೆ ಬರಲಿಲ್ಲ. ಸಿಮೆಂಟು ಹಿಡಿಯಲೆಂದು ಆಗ ಕಲ್ಲಿಗೆ ಉಳಿಯಿಂದ ಕಚ್ಚು ಹಾಕಿದ್ದರಿಂದ ಕಲ್ಲಿನ ಮೈಯೆಲ್ಲ ಸಿಡುಬು ಎದ್ದಂತೆ ಆಗಿತ್ತು. ಆದರೂ ಆ ಕೆಂಪು ಕಲ್ಲಿನ ಗೋಡೆ, ಬಾಗಿಲ ಅಕ್ಕಪಕ್ಕದ ಹೂವಿನ ಪಟ್ಟಿ, ಮೇಲೆ ದೀಪದ ಗೂಡು ಹೊರಗೆ ಬಂದಾಗ ದೊಡ್ಡವ್ವ ಓಣಿಯಲ್ಲಿ ನಿಂತು ಸೆರಗು ಬಾಯಿಗೆ ಹಚ್ಚಿಕೊಂಡು ನೋಡಿದಳು. ಲಗ್ನವಾಗಿ ಬಂದ ದಿನ ನೋಡಿದ ಗೋಡೆ ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಈಗ ನನ್ನ ಕುತ್ತಿಗಿ ನಿನ್ನ ಕೈಯಾಗೈತಿ" ಎಂದಳು.

ನಾನು ಓಡಿಹೋಗಿ ಮೊಬೈಲಿನಲ್ಲಿ ಆ ಮನೆಯನ್ನು 'ಹಳೆಯದು' ಎಂದು ತಿದ್ದಿದೆ. ಎಂಜಿನಿಯರರಿಗೆ ಫೋಟೋ ತೋರಿಸಿದೆ. ಅವರಿಗೆ ನಿಜಕ್ಕೂ ಸಂತೋಷವಾಯಿತು. "ಇದನ್ನ ಮುಟ್ಟೋ ಹಾಗೇ ಇಲ್ಲ" ಎಂದು ಗೆರೆಯನ್ನು ಬೆರಳಿನಿಂದ ಹಿಡಿದು ಪರದೆಯ ಮೇಲೆ ಎಳೆದರು. ಎಡಬದಿ ಬಿಟ್ಟು ಅದು ಬಲಬದಿಗೆ ಹೋಗಿ ಕೂತಿತು. ಗೌಂಡಿ ಕಾಕಾನ ಮನೆಯ ಮೇಲೆ.

ಅದು ಮೊದಲೇ ಹೊಳೆಯದಿರಲು ನನಗೇನು ಬಡಿದಿತ್ತೋ ಗೊತ್ತಿಲ್ಲ. ಎಲ್ಲರ ಸುಳ್ಳು ಹುಡುಕುವುದರಲ್ಲಿ ಓಣಿಗೆ ಎರಡು ಬದಿ ಇರುತ್ತವೆಂಬುದನ್ನೇ ಮರೆತಿದ್ದೆ. ಕಾಕಾನ ಮನೆ ನಿಜವಾಗಿಯೂ ಸಿಮೆಂಟಿನದು, ತಳದಿಂದ ಮೇಲಿನವರೆಗೆ. ಪ್ರಾಯದಲ್ಲಿ ದಿನದ ಕೆಲಸ ಮುಗಿಸಿ ಬಂದು ತನ್ನ ಕೈಯಾರೆ ಒಂದೊಂದೇ ಇಟ್ಟಿಗೆ ಇಟ್ಟು ಕಟ್ಟಿದ್ದು.

ಸಂಜೆ ಇಬ್ಬರಿಗೂ ಹೇಳಿದೆ, ನಾಳೆಯೇ ಕೊನೆಯ ಸುತ್ತು ಎಂದೂ. ದೊಡ್ಡವ್ವ ಕಟ್ಟೆಯಿಂದ ಎದ್ದೇಬಿಟ್ಟಳು.

"ಏ ಗೌಂಡಿ, ನಾಳಿ ಹೊತ್ತ ಮೂಡೂದ್ರೊಳಗ ಮತ್ತ ಹಚ್ಚಿಬಿಡು ಸಿಮೆಂಟು."

"ಹಸೀದು ಅಂತ ಕಣ್ಣಿದ್ದಾವ್ರಿಗೆ ಕಾಣಂಗಿಲ್ಲೇನು ವೈನಿ? ಬಿಡು. ಓಣಿ ಅಂದಮ್ಯಾಗ ಆ ಬಾಜು ಬಿಟ್ರ ಈ ಬಾಜು. ಕೆತ್ತುವಾಗನಽ ಅನಿಸಿತ್ತು ನನಗ."

"ಅನಿಸಿದ್ರ ಯಾಕ ಕೆತ್ತಿದಿ, ಹುಚ್ಚಾ?"

"ನಾನಽ ಹಚ್ಚಿದ್ದಲ್ಲೇನು ಅದು? ನನ್ನ ಸಿಮೆಂಟಿನಿಂದ ನಿನ್ನ ಮನಿ ಹೋಗಬೇಕೇನು? ನನಗ ಇಳಕಲ್ಲಾಗ ಮಗನ ಮನಿ ಐತಿ."

"ನಿನ್ನ ಸೊಸಿ ಚಹಾಕ್ಕ ಸಕ್ರಿ ಹಾಕಂಗಿಲ್ಲ ಅಂತ ನೀನಽ ಅಳತಿದ್ದಿ."

ನಾನು ಇಬ್ಬರ ನಡುವೆ ನಿಂತು, ಅಭ್ಯಾಸ ಬಲದಿಂದ, ಇದರಲ್ಲಿ ಯಾರ ಹುನ್ನಾರ ಏನು ಎಂದು ಹುಡುಕಿದೆ. ಸಿಗಲಿಲ್ಲ. ನನಗೆ ಅಳು ಬಂತು, ಒಳಗೆ ಹೋಗಿ ಅತ್ತೆ.

ಮರುದಿನ ಮುಂಜಾನೆ ಎಂಜಿನಿಯರ್ ಇಬ್ಬರು ಸಹಾಯಕರೊಂದಿಗೆ ಓಣಿಗೆ ಬಂದರು. ಇಕ್ಕಟ್ಟಿನಲ್ಲಿ ನಿಂತು, ಎಡಗಡೆ ನೋಡಿ, ಬಲಗಡೆ ನೋಡಿ, "ಇದು ಉಳೀಲಿ, ಇದು ತೆಗೀಬೇಕು" ಎಂದರು. ಓಣಿಯ ಬಾಗಿಲುಗಳೆಲ್ಲ ಮೊದಲ ಸಲ ಪೂರ್ತಿ ತೆರೆದಿದ್ದವು.

ದೊಡ್ಡವ್ವ ಮುಂದೆ ಬಂದಳು. "ಸಾಹೇಬ್ರ, ನನ್ನ ಮನಿ ಹಳೀದಲ್ರಿ. ಈ ಹುಡುಗಿ ಸುಳ್ಳು ಹೇಳ್ಯಾಳ. ಹೋದ ವರ್ಷ ಕಲ್ಲು ಕೊಂಡು ತಂದು ಹಚ್ಚಿಸೇನಿ, ಚಂದ ಕಾಣಲಿ ಅಂತ."

ಎಂಜಿನಿಯರ್ ಕಚ್ಚು ಬಿದ್ದ ಆ ಗೋಡೆಯನ್ನೂ ಅವಳನ್ನೂ ನೋಡಿ ನಕ್ಕರು. ನಗು ಮುಗಿದ ಮೇಲೆ ನನ್ನ ಕಡೆ ತಿರುಗಿದರು. "ಏನಮ್ಮಾ ಇದು?"

ನನಗೆ ಯೋಚಿಸಲು ಹೊತ್ತಿರಲಿಲ್ಲ. "ಇದು ಹಳೇದೇ ಸರ್" ಎಂದೆ. "ಎದುರಿನದೂ ಹಳೇದೇ. ಸಿಮೆಂಟಿನ ಹಿಂದೆ ಕಲ್ಲಿದೆ. ಈ ಓಣಿಯಲ್ಲಿ ಎಲ್ಲರೂ ಮುಚ್ಚಿದ್ದಾರೆ. ಬೇಕಾದರೆ ಯಾವ ಮನೆಯ ಕೌದಿ ಬೇಕಾದರೂ ತೆಗೆದು ನೋಡಿ."

ನನ್ನ ಮಾತು ಮುಗಿಯುವ ಮೊದಲೇ ಮೂರನೆಯ ಮನೆಯ ಸೊಸೆ, ಬಣ್ಣ ಹೋದ ಕೌದಿಯವಳು, ಒಳಗೆ ಹೋಗಿ ತನ್ನ ಕಂಬದ ಕೌದಿ ಎಳೆದು ಹೊರಗೆ ಒಗೆದಳು. ಅದನ್ನು ನೋಡಿ ಇನ್ನೊಂದು ಮನೆಯಿಂದ ಜೋಳದ ಚೀಲ ಸರಿಸುವ ಸದ್ದು ಬಂತು. ಎಂಜಿನಿಯರ್ ಬಾಗಿಲಿಂದ ಬಾಗಿಲಿಗೆ ಇಣುಕಿ ನೋಡಿ ಬಂದರು. ಎಲ್ಲ ಕಡೆ ಕೆತ್ತಿದ ಕಂಬ, ಎಲ್ಲ ಕಡೆ ಕಲ್ಲು. ವಾಪಸು ಬಂದು ಕಾಕಾನ ಮನೆಯ ಮುಂದೆ ನಿಂತರು.

"ಹೌದೇನ್ರೀ ಯಜಮಾನ್ರೇ? ಒಳಗೆ ಕಲ್ಲಿದೆಯಾ?"

"ಈ ಸಿಮೆಂಟ್ ಹಚ್ಚಿದಾವ ನಾನರಿ" ಎಂದ ಕಾಕಾ, ಮುಖದ ಮೇಲೆ ಒಂದು ಗೆರೆಯೂ ಅಲುಗದೆ. "ಒಳಗೇನೈತಿ ಅಂತ ನನಗಲ್ದ ಯಾರಿಗೆ ಗೊತ್ತಿರತೈತಿ?"

"ನಾ ಲಗ್ನ ಆಗಿ ಬಂದಾಗನಽ ಇತ್ರಿ ಅದು" ಎಂದು ದೊಡ್ಡವ್ವ ತಟ್ಟನೆ ಸೇರಿಸಿದಳು.

ಎಂಜಿನಿಯರ್ ನನ್ನನ್ನು ಬಹಳ ಹೊತ್ತು ನೋಡಿದರು. ಅಷ್ಟು ದಿನದಲ್ಲಿ ಅವರು ನನ್ನ ಕಣ್ಣನ್ನು ನೇರ ನೋಡಿದ್ದು ಅದೊಂದೇ ಸಲ. "ಒಡೆಸಿ ನೋಡೋಕೆ ನನಗೆ ಟೈಮಿಲ್ಲ. ನಿನ್ನ ಮಾತು ನಂಬಿ ಬರೀತಿದೀನಿ" ಎಂದರು. ಎರಡೂ ಮನೆ ಉಳಿಯಲಿ, ಇಲ್ಲಿ ದಾರಿ ಇಕ್ಕಟ್ಟಾಗಿಯೇ ಇರಲಿ ಎಂದು ಸಹಾಯಕನಿಗೆ ಹೇಳಿ ಮುಂದೆ ನಡೆದರು. ನನಗೇನೂ ಪಶ್ಚಾತ್ತಾಪವಿಲ್ಲ, ಆಗಲೂ ಇರಲಿಲ್ಲ.

ಆ ಸಂಜೆ ದೊಡ್ಡವ್ವ ನನ್ನೆದುರು ಕೂತು ತನ್ನ ತಾಟಿಗೂ ಬಡಿಸಿಕೊಂಡಳು. ಎಣಗಾಯಿ ಮಾಡಿದ್ದಳು. ಎರಡನೆಯ ರೊಟ್ಟಿ ಮುರಿಯುತ್ತಿದ್ದವಳು ಅರ್ಧಕ್ಕೆ ಕೈ ನಿಲ್ಲಿಸಿದಳು.

"ತಂಗಿ, ಇವತ್ತ ಸಾಹೇಬ್ರ ಮುಂದ ಕಣ್ಣಾಗ ಕಣ್ಣಿಟ್ಟು ಎಷ್ಟ್ ಛಲೋ ಸುಳ್ಳು ಹೇಳಿದಿ."

"ಹೂಂ ದೊಡ್ಡವ್ವ."

"ಹಂಗಾರ ನನಗ ಮೊದಲ ಹೇಳಿದ್ದು? ಹಳೀ ಮನಿ ಉಳಿಸ್ತಾರ ಅಂತ?"

"ಅದು ಖರೆ ದೊಡ್ಡವ್ವ."

"ಅವಾಗೂ ನಿನ್ನ ಮಾರಿ ಹಿಂಗಽ ಇತ್ತು" ಎಂದಳು, ನನ್ನ ಮುಖವನ್ನೇ ನೋಡುತ್ತ.

ಹಾಸುಗಲ್ಲಿನ ದಾರಿ ಈಗ ಓಣಿಯ ಬಾಯಿಯವರೆಗೆ ಬಂದು ನಿಂತಿದೆ. ಮೇಲಿನವರ ಅಂತಿಮ ಆದೇಶ ಇನ್ನೂ ಬಂದಿಲ್ಲ. ಬಂದರೆ ಏನೆಂದು ಬರುತ್ತದೋ ಯಾರಿಗೂ ಗೊತ್ತಿಲ್ಲ. ಸಿಮೆಂಟು ಕೆತ್ತಿದ ಆ ಗೋಡೆ ಓಣಿಯಲ್ಲಿ ಎಲ್ಲರಿಗೂ ಕಾಣುವಂತೆ ನಿಂತಿದೆ, ಇನ್ನು ಅದನ್ನು ಮುಚ್ಚಲು ಬರುವುದಿಲ್ಲ. ನಾನು ಆಗಾಗ ಫೋನು ಮಾಡುತ್ತೇನೆ. ದೊಡ್ಡವ್ವ ನನ್ನ ಓದು ಕೇಳುತ್ತಾಳೆ, ಆಯಿಯ ಮೊಳಕಾಲು ಕೇಳುತ್ತಾಳೆ, ಇಡುವ ಮೊದಲು ದನಿ ಇಳಿಸಿ ಅದನ್ನೊಂದು ಕೇಳುತ್ತಾಳೆ: "ನನಗ ಹೇಳಿದ್ದು ಖರೆನಽ ಹೌದಿಲ್ಲೋ?"

ಹೌದು ಎನ್ನುತ್ತೇನೆ. ಅವಳು ನನ್ನ ದನಿಯನ್ನು ತೂಗಿ ನೋಡುವಂತೆ ಆಲಿಸಿ, ಫೋನು ಇಡುತ್ತಾಳೆ.